ಐವರ ಮನೆ, ಒಬ್ಬನ ಸಹಿ: ಧಾರವಾಡದ ಒಂದು ಬಾಡಿಗೆ ಪ್ರಕರಣ

ಧಾರವಾಡದ ಸಪ್ತಾಪುರದ ಒಂದು ಒಳಓಣಿಯಲ್ಲಿ ಐವರು ವಿದ್ಯಾರ್ಥಿಗಳು 2023ರ ಜೂನ್‌ನಿಂದ 2025ರ ಮೇ ಕೊನೆಯವರೆಗೆ ಕೂಡಿ ಹಿಡಿದಿದ್ದ ಮನೆಯೊಂದರ ಬಾಡಿಗೆ ವ್ಯವಹಾರವನ್ನು ಇಲ್ಲಿ ಮೊದಲಿನಿಂದ ಕೊನೆಯವರೆಗೆ ದಾಖಲಿಸುತ್ತಿದ್ದೇನೆ. ಮನೆ ಬಿಟ್ಟಾಗ ₹75,000 ಠೇವಣಿಯಲ್ಲಿ ಮಾಲೀಕರು ₹39,000 ಮುರಿದುಕೊಂಡು ಉಳಿದ ₹36,000 ಮಾತ್ರ ಮರಳಿಸಿದರು. ಕಾನೂನು ಪಾಠ ಹೇಳುವವನೆಂಬ ಕಾರಣಕ್ಕೆ ಹುಡುಗರು ಕಾಗದಪತ್ರ ಹಿಡಿದುಕೊಂಡು ನನ್ನಲ್ಲಿಗೆ ಬಂದರು. ಯಾರ ಗುರುತೂ ಸಿಗಬಾರದೆಂದು ಜಿಲ್ಲೆ, ಮೊತ್ತ, ತಿಂಗಳುಗಳನ್ನು ಬದಲಿಸಿದ್ದೇನೆ. ಇಂಥವೇ ಬೇರೆ ಮನೆಗಳಲ್ಲಿ ಕಂಡ ಒಂದೆರಡು ಸಂಗತಿಗಳನ್ನೂ ಸೇರಿಸಿದ್ದೇನೆ. ಹೆಸರಿನ ಬದಲು ಜಿಲ್ಲೆಯಿಂದಲೇ ಒಬ್ಬೊಬ್ಬರನ್ನೂ ಕರೆಯುತ್ತೇನೆ.

ಮೇಲ್ನೋಟಕ್ಕೆ ಇದು ಮಾಲೀಕರಿಗೂ ಬಾಡಿಗೆದಾರರಿಗೂ ನಡುವಿನ ತಕರಾರು. ಕಾಗದಗಳನ್ನು ಒಂದೊಂದಾಗಿ ಓದುತ್ತ ಹೋದಂತೆ ಪ್ರತಿಯೊಂದು ಗಂಟೂ ಒಂದೇ ಕಡೆಗೆ ಬಂದು ನಿಲ್ಲುತ್ತಿತ್ತು: ಐವರು ವಾಸವಾಗಿದ್ದ, ಐವರೂ ಸಮನಾಗಿ ಹಣ ಹಾಕಿದ್ದ ಆ ಮನೆಗೆ ಕರಾರುಪತ್ರದ ಪ್ರಕಾರ ಬಾಡಿಗೆದಾರ ಒಬ್ಬನೇ. ಮಾಲೀಕರ ಮೇಲಿನ ಸಿಟ್ಟಿನಲ್ಲಿ ಆ ಸಂಗತಿ ಹುಡುಗರ ಕಣ್ಣಿಗೆ ಬಿದ್ದಿರಲಿಲ್ಲ.

ಮನೆ ಮತ್ತು ಅದನ್ನು ಹಿಡಿದವರು

ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, ಹಳೆಯ ಕಾಲೇಜುಗಳು ಮತ್ತು ಸ್ಪರ್ಧಾತ್ಮಕ ಪರೀಕ್ಷೆಯ ತರಬೇತಿ ಕೇಂದ್ರಗಳೆಲ್ಲ ಇರುವ ಧಾರವಾಡಕ್ಕೆ ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಓದಲು ಬರುವವರ ಸಂಖ್ಯೆ ದೊಡ್ಡದು. ಪದವಿಯ ಮಕ್ಕಳಿಗೆ ಸರ್ಕಾರಿ ವಸತಿ ನಿಲಯಗಳಿದ್ದರೂ ಅಲ್ಲಿ ಸೀಟುಗಳು ಸೀಮಿತ. ಪದವಿ ಮುಗಿಸಿ ಪಿಎಸ್‌ಐ, ಕೆಎಎಸ್, ಎಫ್‌ಡಿಎ ಪರೀಕ್ಷೆಗಳಿಗೆ ಓದುವವರು ಯಾವ ಕಾಲೇಜಿನ ಹಾಜರಿ ಪುಸ್ತಕದಲ್ಲಿಯೂ ಇರುವುದಿಲ್ಲವಾದ್ದರಿಂದ ಸಾಮಾನ್ಯವಾಗಿ ಅವರಿಗೆ ಆ ಬಾಗಿಲೂ ಮುಚ್ಚಿರುತ್ತದೆ. ಹೀಗಾಗಿ ಸಪ್ತಾಪುರ, ಕಲ್ಯಾಣನಗರ, ಮಾಳಮಡ್ಡಿಗಳಲ್ಲಿ ಖೋಲಿ ಹಿಡಿಯುವುದು, ನಾಲ್ಕೈದು ಮಂದಿ ಸೇರಿದರೆ ಇಡೀ ಮನೆಯನ್ನೇ ಹಿಡಿಯುವುದು ರೂಢಿಯಾಗಿದೆ. ಖಾನಾವಳಿಯ ಖರ್ಚು ಉಳಿಸಲು ಒಂದು ಅಡುಗೆಮನೆ, ಊರಿನಿಂದ ಬಸ್ಸಿನಲ್ಲಿ ಬರುವ ರೊಟ್ಟಿಯ ಬುತ್ತಿ ಇಡಲು ಒಂದು ಕಪಾಟು, ರಾತ್ರಿ ದೀಪ ಹಚ್ಚಿಕೊಂಡು ಓದಲು ಒಂದು ಮೂಲೆ, ಇಷ್ಟು ಸಿಕ್ಕರೆ ಅವರಿಗೆ ಸಾಕಾಗುತ್ತದೆ.

ಈ ಮನೆ ಮೊದಲ ಮಹಡಿಯಲ್ಲಿತ್ತು. ಎರಡು ಖೋಲಿ, ಒಂದು ಪಡಸಾಲೆ, ಅಡುಗೆಮನೆ, ಬಚ್ಚಲು. ನಿವೃತ್ತ ನೌಕರರಾದ ಮಾಲೀಕರು ಕುಟುಂಬಸಮೇತ ಕೆಳಗೆ ವಾಸವಾಗಿದ್ದರು. ಮೇಲಿನ ಮನೆಗೆ ಪ್ರತ್ಯೇಕ ವಿದ್ಯುತ್ ಮೀಟರ್ ಇತ್ತು. ನೀರಿನ ಸಂಪು ಮಾತ್ರ ಎರಡೂ ಮನೆಗೆ ಸೇರಿದ್ದು. ವಿಜಯಪುರದವನು ಮತ್ತು ಬಾಗಲಕೋಟೆಯವನು ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದರು. ಕೊಪ್ಪಳದವನು ಸ್ನಾತಕೋತ್ತರ ವಿದ್ಯಾರ್ಥಿ, ಹಾವೇರಿಯವನು ಪದವಿಯ ಕೊನೆಯ ವರ್ಷದವನು, ಗದಗದವನು ಆಗಷ್ಟೇ ಪಿಯುಸಿ ಮುಗಿಸಿ ಪದವಿಗೆ ಸೇರಿದ್ದ, ಹದಿನೆಂಟು ತುಂಬದ ಹುಡುಗ.

ಬಾಡಿಗೆ ತಿಂಗಳಿಗೆ ₹12,500, ಠೇವಣಿ ಆರು ತಿಂಗಳ ಬಾಡಿಗೆ, ಅಂದರೆ ₹75,000. ತಲೆಗೆ ₹15,000ದಂತೆ ಕೂಡಿಸಿ ವಿಜಯಪುರದವನ ಖಾತೆಯಿಂದ ಮಾಲೀಕರಿಗೆ ಒಂದೇ ಬಾರಿಗೆ ಪಾವತಿಯಾಯಿತು. ಎಲ್ಲರಿಗಿಂತ ಹಿರಿಯನೆಂಬ ಕಾರಣಕ್ಕೆ ಕರಾರಿಗೆ ಅವನೊಬ್ಬನೇ ಸಹಿ ಹಾಕಿದ. ಉಳಿದ ನಾಲ್ವರ ಹೆಸರು ಪತ್ರದಲ್ಲಿ ಎಲ್ಲಿಯೂ ಬರಲಿಲ್ಲ. ಮಾಲೀಕರಿಗೂ ಅದೇ ಅನುಕೂಲವೆನಿಸಿತ್ತು. ಬಾಡಿಗೆ ಬರದಿದ್ದರೆ ಕೇಳಲು ಒಬ್ಬ ಸಿಕ್ಕರೆ ಸಾಕು, ಐವರ ಹಿಂದೆ ಅಲೆಯುವುದು ಯಾರಿಗೆ ಬೇಕು?

ಕರಾರಿನಲ್ಲಿ ಏನಿತ್ತು

ಕರಾರು ಹನ್ನೊಂದು ತಿಂಗಳಿನದು. ಒಂದು ವರ್ಷ ಮೀರಿದ ಗೇಣಿಪತ್ರವನ್ನು 1908ರ ನೋಂದಣಿ ಕಾಯ್ದೆಯ 17ನೆಯ ಕಲಮಿನ ಪ್ರಕಾರ ಕಡ್ಡಾಯವಾಗಿ ನೋಂದಾಯಿಸಬೇಕಾಗುವುದರಿಂದ ದೇಶದ ಬಹುಪಾಲು ಮನೆಬಾಡಿಗೆ ಪತ್ರಗಳು ಹನ್ನೊಂದು ತಿಂಗಳಿಗೇ ನಿಲ್ಲುತ್ತವೆ. ಪರೀಕ್ಷೆಗೆ ಓದುವವರ ಕಾಲಗಣನೆ ಈ ಹನ್ನೊಂದು ತಿಂಗಳಿಗೆ ಹೊಂದುವುದೇ ಇಲ್ಲ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ನಡೆದ ಪರೀಕ್ಷೆ ಅಕ್ರಮದ ಕಾರಣದಿಂದ ರದ್ದಾಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ಆ ಎರಡು ವರ್ಷಕ್ಕೂ ಮಿಕ್ಕಿದ ಕಾಲ ಪ್ರಾಮಾಣಿಕವಾಗಿ ಓದಿದ ಸಾವಿರಾರು ಮಂದಿ ಬಾಡಿಗೆ ಕಟ್ಟುತ್ತ ಕಾದರು. ಈ ಮನೆಯ ಇಬ್ಬರೂ ಅವರಲ್ಲಿ ಸೇರಿದವರು. ವಿದ್ಯಾರ್ಥಿಗಳ ಬಾಡಿಗೆ ಸಮಸ್ಯೆಯನ್ನು ಮಾತಾಡುವಾಗ ನೇಮಕಾತಿಯ ವಿಳಂಬವನ್ನು ಬಿಟ್ಟು ಮಾತಾಡುವುದು ನನಗೆ ಸರಿಕಾಣುವುದಿಲ್ಲ.

ಪತ್ರದ ಮುಖ್ಯ ಷರತ್ತುಗಳು ನಾಲ್ಕು. ಮನೆ ಬಿಡುವಾಗ ಒಂದು ತಿಂಗಳು ಮುಂಚೆ ತಿಳಿಸಬೇಕು; ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆಯನ್ನು ಠೇವಣಿಯಲ್ಲಿ ಹಿಡಿಯಲಾಗುವುದು; ಒಳಬಾಡಿಗೆ ಕೊಡಕೂಡದು; ವಿದ್ಯುತ್ತು ಮತ್ತು ನೀರಿನ ಖರ್ಚು ಬಾಡಿಗೆದಾರರದು. ಮನೆಗೆ ಪ್ರವೇಶಿಸುವಾಗ ಗೋಡೆ, ನಲ್ಲಿ, ಬೇಸಿನ್, ಬಾಗಿಲುಗಳ ಸ್ಥಿತಿ ಹೇಗಿತ್ತೆಂಬ ಪಟ್ಟಿ ಇರಲಿಲ್ಲ. ಮೇಲ್ಛಾವಣಿಯ ದುರಸ್ತಿ ಯಾರದೆಂಬ ಮಾತೂ ಇರಲಿಲ್ಲ.

ಈ ವ್ಯವಹಾರಕ್ಕೆ ಯಾವ ಕಾನೂನು ಅನ್ವಯಿಸುತ್ತದೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಹುಡುಗರು ‘ಬಾಡಿಗೆ ಕಾಯ್ದೆ’ಯ ಮೇಲೆ ತುಂಬ ಭರವಸೆ ಇಟ್ಟುಕೊಂಡು ಬಂದಿದ್ದರು. 1999ರ ಕರ್ನಾಟಕ ಬಾಡಿಗೆ ಕಾಯ್ದೆ ತಿಂಗಳ ಬಾಡಿಗೆ ಕೆಲವು ನಗರಗಳಲ್ಲಿ ₹3,500, ಉಳಿದೆಡೆ ₹2,000 ಮೀರಿದ ಮನೆಗಳಿಗೆ ಅನ್ವಯಿಸುವುದಿಲ್ಲ. ಇಂದು ನಗರದಲ್ಲಿ ಇಡೀ ಮನೆಯೊಂದು ಆ ಮಿತಿಯೊಳಗೆ ಸಿಗುವುದು ದುರ್ಲಭ. ಠೇವಣಿಯನ್ನು ಎರಡು ತಿಂಗಳ ಬಾಡಿಗೆಗೆ ಮಿತಿಗೊಳಿಸುವ ಮಾದರಿ ಬಾಡಿಗೆ ಕಾಯ್ದೆಗೆ ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿಗೆ ನೀಡಿದ್ದು ನಿಜ. ಆದರೆ ಅದು ರಾಜ್ಯಗಳು ತಮ್ಮ ಶಾಸನವಾಗಿ ಅಂಗೀಕರಿಸಿದಾಗ ಮಾತ್ರ ಜಾರಿಗೆ ಬರುವ ಮಾದರಿ, ಮತ್ತು ಈ ಪ್ರಕರಣದ ಅವಧಿಯಲ್ಲಿ ಕರ್ನಾಟಕದಲ್ಲಿ ಅದು ಜಾರಿಯಲ್ಲಿರಲಿಲ್ಲ. ಉಳಿಯುವುದು ಬ್ರಿಟಿಷರ ಕಾಲದ ಎರಡು ಕಾಯ್ದೆಗಳು: 1882ರ ಸ್ವತ್ತು ವರ್ಗಾವಣೆ ಕಾಯ್ದೆ ಮತ್ತು 1872ರ ಭಾರತೀಯ ಕರಾರು ಕಾಯ್ದೆ. ಎರಡೂ ಬಹುಮಟ್ಟಿಗೆ ಪಕ್ಷಗಾರರು ಬರೆದುಕೊಂಡ ಮಾತಿಗೆ ಬೆಲೆ ಕೊಡುವ ಕಾಯ್ದೆಗಳಾದ್ದರಿಂದ ಬರೆದುಕೊಳ್ಳದವರಿಗೆ ಅವುಗಳಿಂದ ಸಿಗುವ ಆಸರೆ ಕಡಿಮೆ.

ಗೃಹಜ್ಯೋತಿ ಮತ್ತು ಸಂಪಿನ ಮೋಟರು

ಮೊದಲ ತಕರಾರು ಹುಟ್ಟಿದ್ದು ವಿದ್ಯುತ್ತಿನಿಂದ. 2023ರ ಜುಲೈ ಬಳಕೆಯಿಂದ ಗೃಹಜ್ಯೋತಿ ಜಾರಿಗೆ ಬಂತು. 2022–23ರ ಸರಾಸರಿ ಬಳಕೆಗೆ ಶೇ 10 ಕೂಡಿಸಿ ಬಂದಷ್ಟು ಯೂನಿಟ್ ಉಚಿತ; ಆ ಅರ್ಹತೆ ಮೀರಿ 200 ಯೂನಿಟ್ ಒಳಗೆ ಬಳಸಿದರೆ ಹೆಚ್ಚುವರಿಗೆ ಮಾತ್ರ ಹಣ; 200 ಮೀರಿದರೆ ಪೂರ್ತಿ ಬಿಲ್ಲು. ಬಾಡಿಗೆದಾರರೂ ಕರಾರುಪತ್ರ ತೋರಿಸಿ, ತಮ್ಮ ಆಧಾರ್ ಅನ್ನು ಆ ಮೀಟರಿನ ಆರ್‌ಆರ್ ಸಂಖ್ಯೆಗೆ ಜೋಡಿಸಿ ಸೇವಾಸಿಂಧುವಿನಲ್ಲಿ ನೋಂದಾಯಿಸಬಹುದು. ಮಾಲೀಕರು ತಮ್ಮ ಆಧಾರನ್ನು ಕೆಳಮನೆಯ ಮೀಟರಿಗೆ ಜೋಡಿಸಿಕೊಂಡಿದ್ದರು. ಮೇಲ್ಮನೆಗೆ ಯೋಜನೆ ಬರುವುದಿಲ್ಲವೆಂದು ಹುಡುಗರಿಗೆ ಹೇಳಿದರು. ಅದು ಸುಳ್ಳು ಹೇಳಬೇಕೆಂಬ ಉದ್ದೇಶದಿಂದ ಬಂದ ಮಾತೆಂದು ನನಗೆ ಅನ್ನಿಸುವುದಿಲ್ಲ. ಒಬ್ಬರಿಗೆ ಒಂದೇ ಮೀಟರ್ ಎಂಬ ನಿಯಮವನ್ನು ಅವರು ಇಡೀ ಕಟ್ಟಡಕ್ಕೆ ಒಂದೇ ಮೀಟರ್ ಎಂದು ತಿಳಿದಿದ್ದರು.

ಅಕ್ಟೋಬರ್‌ನಲ್ಲಿ ವಿಜಯಪುರದವನು ಕರಾರಿನ ಪ್ರತಿಯೊಂದಿಗೆ ನೋಂದಾಯಿಸಿದ. ಹಿಂದೆ ಅಲ್ಲಿದ್ದ ಕುಟುಂಬದ ಸರಾಸರಿ 96 ಯೂನಿಟ್ ಇದ್ದುದರಿಂದ ಅರ್ಹತೆ ಸುಮಾರು 105 ಯೂನಿಟ್ ಬಂತು. ಮಾಲೀಕರು ಅಲ್ಲಿಯವರೆಗೆ ತಲೆಗೆ ₹150ರಂತೆ ‘ಕರೆಂಟು, ನೀರು’ ಎಂದು ತಿಂಗಳಿಗೆ ₹750 ಪಡೆಯುತ್ತಿದ್ದವರು ನೋಂದಣಿಯ ನಂತರವೂ ಅದನ್ನು ನಿಲ್ಲಿಸಲಿಲ್ಲ. ಬಿಲ್ಲು ಬಹುತೇಕ ಸೊನ್ನೆಯಾಗಬೇಕಿದ್ದರೂ ಪ್ರತಿ ತಿಂಗಳು 120, 130 ಯೂನಿಟ್ ಬರುತ್ತಿತ್ತು. ಐದು ದೀಪ, ಮೂರು ಫ್ಯಾನ್, ಫೋನುಗಳ ಚಾರ್ಜರ್ ಬಿಟ್ಟರೆ ಮನೆಯಲ್ಲಿ ಬೇರೇನೂ ಇರಲಿಲ್ಲ. ಗೀಸರ್ ಇಲ್ಲ, ಫ್ರಿಜ್ ಇಲ್ಲ.

ಕಾರಣ ತಿಳಿದದ್ದು ಒಂದು ರಾತ್ರಿ ಮೇಲ್ಮನೆಯ ಮುಖ್ಯ ಸ್ವಿಚ್ ತೆಗೆದಾಗ ಕೆಳಗಿನ ಸಂಪಿನ ಮೋಟರು ನಿಂತುಹೋದದ್ದರಿಂದ. ಎರಡೂ ಮನೆಯ ಟ್ಯಾಂಕಿಗೆ ನೀರೆತ್ತುವ ಮೋಟರಿನ ತಂತಿ ಮೇಲ್ಮನೆಯ ಮೀಟರಿಗೆ ಸೇರಿತ್ತು. ಅವರ ಓಣಿಗೆ ಮಲಪ್ರಭೆಯ ನೀರು ಕೆಲವು ದಿನಗಳಿಗೊಮ್ಮೆ ಬರುತ್ತಿತ್ತು. ನಲ್ಲಿ ಬಂದ ದಿನ ಸಂಪು ತುಂಬಿಸಿಕೊಂಡು ಮುಂದಿನ ಸರದಿಯವರೆಗೆ ಮೋಟರಿನಿಂದ ಎತ್ತಿಕೊಳ್ಳುತ್ತಿದ್ದರು. ಕಟ್ಟಡ ಕಟ್ಟಿದಾಗ ಎಲೆಕ್ಟ್ರಿಷಿಯನ್ ಹತ್ತಿರದ ತಂತಿಗೆ ಜೋಡಿಸಿದ್ದಿರಬೇಕು, ಆಮೇಲೆ ಯಾರೂ ಅದನ್ನು ನೋಡಿರಲಿಲ್ಲ. ಮಾಲೀಕರಿಗೆ ತಿಳಿಸಿದಾಗ ಅವರು ಹೌದೆಂದು ಒಪ್ಪಿದರು, ಸರಿಪಡಿಸುವುದಾಗಿಯೂ ಹೇಳಿದರು, ಆದರೆ ಹುಡುಗರು ಮನೆ ಬಿಡುವವರೆಗೆ ಆ ತಂತಿ ಹಾಗೆಯೇ ಇತ್ತು.

ಹುಡುಗರು ಆಗ ಒಂದು ಒಳ್ಳೆಯ ಕೆಲಸ ಮಾಡಿದ್ದರು: ಮೋಟರಿನ ವಿಷಯವನ್ನು ಮಾಲೀಕರಿಗೆ ಬಾಯಿಮಾತಿನಲ್ಲಿ ಹೇಳಿ ಸುಮ್ಮನಾಗದೆ ವಾಟ್ಸ್‌ಆ್ಯಪ್‌ನಲ್ಲಿಯೂ ಬರೆದಿದ್ದರು. ಒಂದೂವರೆ ವರ್ಷದ ನಂತರ ಆ ಸಂದೇಶ ಉಪಯೋಗಕ್ಕೆ ಬಂತು.

ಒಬ್ಬ ಹೊರಟ, ಒಬ್ಬ ಬಂದ

ಪಿಎಸ್‌ಐ ಮರುಪರೀಕ್ಷೆ ಮುಗಿದ ಮೇಲೆ ಬಾಗಲಕೋಟೆಯವನು 2024ರ ಫೆಬ್ರುವರಿ ಕೊನೆಗೆ ಊರಿಗೆ ಹೊರಟು ತನ್ನ ₹15,000 ಕೇಳಿದ. ಉಳಿದವರ ಕೈಯಲ್ಲಿ ಹಣವಿರಲಿಲ್ಲ. ಮಾಲೀಕರನ್ನು ಕೇಳಿದರೆ, “ನನಗ ಗೊತ್ತಿರೋದು ಒಬ್ಬನ ಹೆಸರು, ಉಳಿದದ್ದು ನಿಮ್ಮ ನಿಮ್ಮೊಳಗಿಂದು” ಎಂದರು. ಕಾನೂನಿನ ದೃಷ್ಟಿಯಿಂದ ಆ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟ. ಮಾಲೀಕರಿಗೂ ಬಾಗಲಕೋಟೆಯವನಿಗೂ ನಡುವೆ ಕರಾರೇ ಇಲ್ಲ. ಐವರೂ ಸಹಿ ಹಾಕಿದ್ದರೆ ಕರಾರು ಕಾಯ್ದೆಯ 43ನೆಯ ಕಲಮಿನಂತೆ ಮಾಲೀಕರು ಇಡೀ ಬಾಡಿಗೆಯನ್ನು ಐವರಲ್ಲಿ ಯಾರಿಂದಲಾದರೂ ವಸೂಲು ಮಾಡಬಹುದಿತ್ತು, ಮತ್ತು ಹಾಗೆ ಕೊಟ್ಟವನು ಉಳಿದವರಿಂದ ಅವರವರ ಪಾಲನ್ನು ಕೇಳುವ ಹಕ್ಕನ್ನು ಅದೇ ಕಲಮು ಕೊಡುತ್ತಿತ್ತು. ಒಬ್ಬನೇ ಸಹಿ ಹಾಕಿದಾಗ ಹೊಣೆಯ ಭಾರ ಪೂರ್ತಿಯಾಗಿ ಅವನ ಮೇಲೆ ಉಳಿಯುತ್ತದೆ, ಉಳಿದವರಿಂದ ಕೇಳುವ ಹಕ್ಕಿಗೆ ಮಾತ್ರ ಬಾಯಿಮಾತಿನ ಒಪ್ಪಂದವೇ ಆಧಾರ.

ವಿಜಯಪುರದವನಿಗೆ ಇದರ ಅನುಭವ ಅದಾಗಲೇ ಆಗಿತ್ತು. ವಿದ್ಯಾರ್ಥಿವೇತನ ತಡವಾಗಿ ಕೊಪ್ಪಳದವನು ಮೂರು ತಿಂಗಳ ಪಾಲು ಕೊಡಲಾಗದೆ ಹೋದಾಗ ಅಷ್ಟನ್ನೂ ಇವನು ತನ್ನ ತಂದೆಯಿಂದ ತರಿಸಿ ತುಂಬಿದ್ದ. ಕೊಪ್ಪಳದವನು ಹಣ ಬಂದ ಕೂಡಲೇ ತೀರಿಸಿದ್ದು ಅವನ ಪ್ರಾಮಾಣಿಕತೆಯಿಂದ. ತೀರಿಸದೆ ಹೋಗಿದ್ದರೆ ಇವನ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಗದಗದ ಹುಡುಗನ ವಿಷಯ ಇನ್ನೂ ಸೂಕ್ಷ್ಮ. ಅಪ್ರಾಪ್ತ ವಯಸ್ಕನು ಮಾಡಿದ ಕರಾರಿಗೆ ಬಲವಿಲ್ಲವೆಂಬುದು 1903ರಲ್ಲಿ ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ನ್ಯಾಯಪೀಠವಾದ ಪ್ರಿವಿ ಕೌನ್ಸಿಲ್ ಮೊಹೋರಿ ಬೀಬಿ ಪ್ರಕರಣದಲ್ಲಿ ಹೇಳಿದಾಗಿನಿಂದ ನೆಲೆನಿಂತ ತತ್ವ. ಅವನ ಪಾಲಿಗೆ ತಂದೆಯ ಸಹಿ ಪಡೆಯಬೇಕಿತ್ತು.

ಕಡೆಗೆ ಧಾರವಾಡದಲ್ಲಿ ಸಾಮಾನ್ಯವಾಗಿ ನಡೆಯುವಂತೆಯೇ ನಡೆಯಿತು. ಬೆಳಗಾವಿಯಿಂದ ಬಂದ ಹೊಸ ಹುಡುಗನೊಬ್ಬ ಬಾಗಲಕೋಟೆಯವನಿಗೆ ನೇರವಾಗಿ ₹15,000 ಕೊಟ್ಟು ಅವನ ಜಾಗಕ್ಕೆ ಬಂದ. ಮನೆಯ ಸ್ಥಿತಿ ಹೇಗಿದೆ, ಈವರೆಗಿನ ಬಾಕಿ ಏನಿದೆ, ಬಣ್ಣದ ಹಣ ಯಾರು ಕೊಡಬೇಕು ಎಂಬ ಒಂದು ಪ್ರಶ್ನೆಯನ್ನೂ ಅವನು ಕೇಳಲಿಲ್ಲ. ಮಾಲೀಕರು ಮೊದಲು ಇದು ಒಳಬಾಡಿಗೆಯೆಂದು ಆಕ್ಷೇಪಿಸಿದರು. ಮನೆಯ ಪ್ರತ್ಯೇಕ ಸ್ವಾಧೀನವನ್ನು ಬೇರೆಯವರಿಗೆ ಬಿಟ್ಟುಕೊಟ್ಟಾಗ ಒಳಬಾಡಿಗೆಯಾಗುತ್ತದೆ; ಬಾಡಿಗೆದಾರನು ಅಲ್ಲಿಯೇ ಇದ್ದುಕೊಂಡು ಜೊತೆಗೊಬ್ಬನನ್ನು ಇಟ್ಟುಕೊಂಡು ಖರ್ಚು ಹಂಚಿಕೊಂಡಷ್ಟಕ್ಕೆ ಆಗುವುದಿಲ್ಲವೆಂದು ನ್ಯಾಯಾಲಯಗಳು ನೋಡುತ್ತ ಬಂದಿವೆ. ಐವರಿರುವರೆಂದು ತಿಳಿದೇ ಮನೆ ಕೊಟ್ಟ ಮಾಲೀಕರಿಗೆ ಆ ಆಕ್ಷೇಪವನ್ನು ಮುಂದುವರಿಸಲು ಆಗುತ್ತಿರಲಿಲ್ಲ, ಮುಂದುವರಿಸಲೂ ಇಲ್ಲ.

ಅದೇ ವರ್ಷದ ಏಪ್ರಿಲ್‌ನಲ್ಲಿ ಕರಾರಿನ ಹನ್ನೊಂದು ತಿಂಗಳು ತುಂಬಿತು. ಹೊಸ ಪತ್ರ ಬರೆಯಲು ಯಾರಿಗೂ ಪುರಸೊತ್ತಾಗಲಿಲ್ಲ. ಬಾಡಿಗೆ ₹13,000 ಎಂದು ಬಾಯಿಮಾತಿನಲ್ಲಿ ಏರಿತು. ಮಾಲೀಕರು ಪಡೆಯುತ್ತ ಹೋದರು. ಸ್ವತ್ತು ವರ್ಗಾವಣೆ ಕಾಯ್ದೆಯ 116ನೆಯ ಕಲಮಿನ ಪ್ರಕಾರ ಇಂಥ ಮುಂದುವರಿಕೆ ತಿಂಗಳಿಂದ ತಿಂಗಳಿಗೆ ಸಾಗುವ ಬಾಡಿಗೆಯಾಗುತ್ತದೆ. ಕಾನೂನು ಅವರನ್ನು ಬೀದಿಗೆ ಬಿಡಲಿಲ್ಲವಾದರೂ, ಹಳೆಯ ಪತ್ರದ ಯಾವ ಷರತ್ತು ಉಳಿಯಿತು, ಯಾವುದು ಬಿದ್ದುಹೋಯಿತು ಎಂಬುದು ಅಂದಿನಿಂದ ವಾದದ ವಿಷಯವಾಯಿತು.

ಪಶ್ಚಿಮದ ಗೋಡೆ

2024ರ ಮಳೆಗಾಲದಲ್ಲಿ ಮಾಳಿಗೆಯ ಬಿರುಕಿನಿಂದ ನೀರಿಳಿದು ಪಡಸಾಲೆಯ ಪಶ್ಚಿಮದ ಗೋಡೆ ಹಸಿಯಾಯಿತು. ಬಣ್ಣ ಉಬ್ಬಿ, ಗಾರೆ ಉದುರಿ, ಪುಸ್ತಕಗಳ ಮೇಲೆ ಬೂಸು ಬಂತು. ಹಾವೇರಿಯವನು ಜುಲೈಯಲ್ಲಿ ಫೋಟೊ ತೆಗೆದು ಮಾಲೀಕರಿಗೆ ಕಳಿಸಿದ. “ಮಳಿ ನಿಂತ ಮ್ಯಾಲೆ ನೋಡೋಣ” ಎಂಬ ಉತ್ತರ ಅದೇ ದಿನ ಬಂತು. ಮಳೆ ನಿಂತಿತು, ಯಾರೂ ನೋಡಲಿಲ್ಲ. ಹುಡುಗರೂ ಮತ್ತೆ ಕೇಳಲಿಲ್ಲ. ಮನೆ ಬಿಡಿಸಿಯಾರೆಂಬ ಅಂಜಿಕೆ ಅವರಿಗಿತ್ತು. ಆರು ತಿಂಗಳ ಬಾಡಿಗೆಯಷ್ಟು ಹಣ ಇನ್ನೊಬ್ಬರ ಕೈಯಲ್ಲಿರುವಾಗ ಹಕ್ಕಿನ ಮಾತಾಡುವುದು ಬಡಕುಟುಂಬದ ಹುಡುಗರಿಗೆ ಎಷ್ಟು ಕಷ್ಟವೆಂಬುದನ್ನು ಅನುಭವಿಸದವರು ಬೇಗ ಅರಿಯಲಾರರು.

2025ರ ಮೇ 13ರಂದು ಅವರು ಮನೆ ಬಿಡುವುದಾಗಿ ತಿಳಿಸಿ, ಆ ತಿಂಗಳ ಬಾಡಿಗೆ ಪೂರ್ತಿ ಕೊಟ್ಟು 31ರಂದು ಖಾಲಿ ಮಾಡಿದರು. ಜೂನ್ ಮೊದಲ ವಾರದಲ್ಲಿ ಮಾಲೀಕರ ಲೆಕ್ಕ ಬಂತು: ಬಣ್ಣಕ್ಕೆ ₹13,000, ಗೋಡೆ ಹಾಳಾದದ್ದಕ್ಕೆ ₹9,000, ಒಡೆದ ಬೇಸಿನ್ನಿಗೆ ₹2,200, ವಿದ್ಯುತ್ ಬಾಕಿ ₹1,800, ಒಂದು ತಿಂಗಳ ಮುನ್ಸೂಚನೆ ಕೊಡದ್ದಕ್ಕೆ ₹13,000. ಒಟ್ಟು ₹39,000.

ಲೆಕ್ಕ ಬಿಡಿಸಿದ್ದು

ನ್ಯಾಯಾಲಯಕ್ಕೆ ಹೋಗುವ ಮಾತನ್ನು ಹುಡುಗರು ಮೊದಲ ದಿನವೇ ಎತ್ತಿದರು. ಹಣದ ದಾವೆ ಹೂಡಲು ಮೂರು ವರ್ಷದ ಅವಧಿ ಇರುತ್ತದೆ, ಅವಸರವಿಲ್ಲ ಎಂದೆ. ಅದಕ್ಕೂ ಮೊದಲು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಮೂಲಕ ವ್ಯಾಜ್ಯಪೂರ್ವ ಲೋಕ ಅದಾಲತ್ತಿಗೆ ವಿಷಯ ಒಯ್ಯಬಹುದು. ಅಲ್ಲಿ ನ್ಯಾಯಾಲಯ ಶುಲ್ಕವಿಲ್ಲ, ಆದ ರಾಜಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಂತೆ ನ್ಯಾಯಾಲಯದ ಡಿಕ್ರಿಯ ಬಲವಿರುತ್ತದೆ. ಆ ದಾರಿಯನ್ನು ಕೈಯಲ್ಲಿಟ್ಟುಕೊಂಡೇ, ಪ್ರತಿ ಕಡಿತಕ್ಕೂ ತಮ್ಮ ಉತ್ತರವನ್ನು ಬರೆದು ಮಾಲೀಕರಿಗೆ ಒಂದು ಪತ್ರ ಕೊಡುವಂತೆ ಹೇಳಿದೆ. ಪತ್ರ ತಲುಪಿದ ಮೇಲೆ ಮಾಲೀಕರೇ ಕೂತು ಮಾತಾಡೋಣವೆಂದರು.

ಬಣ್ಣದ ₹13,000ದ ಬಗ್ಗೆ ಹುಡುಗರಿಗಿದ್ದ ಸಿಟ್ಟಿಗೆ ಕಾನೂನಿನ ಆಧಾರ ತೆಳುವಾಗಿತ್ತು. ಸ್ವತ್ತು ವರ್ಗಾವಣೆ ಕಾಯ್ದೆಯ 108ನೆಯ ಕಲಮು ಸಹಜ ಸವೆತಕ್ಕೆ ಬಾಡಿಗೆದಾರನನ್ನು ಹೊಣೆ ಮಾಡುವುದಿಲ್ಲ. ಆದರೆ ಆ ಕಲಮಿನ ಆರಂಭದಲ್ಲೇ ‘ವ್ಯತಿರಿಕ್ತ ಕರಾರು ಅಥವಾ ಸ್ಥಳೀಯ ರೂಢಿ ಇಲ್ಲದಿದ್ದರೆ’ ಎಂಬ ಅರ್ಥದ ಮಾತಿದೆ. ಇಲ್ಲಿ ಕರಾರೂ ಇತ್ತು, ರೂಢಿಯೂ ಇತ್ತು. ಎರಡು ವರ್ಷ ಬಳಸಿದ ಮನೆಗೆ ಒಂದು ತಿಂಗಳ ಬಾಡಿಗೆ ಬಿಟ್ಟುಕೊಡುವುದು ಅನ್ಯಾಯವೆಂದು ನನಗೂ ಅನಿಸಲಿಲ್ಲ. ಹನ್ನೊಂದೇ ತಿಂಗಳಿಗೆ, ಬಣ್ಣವನ್ನೇ ಬಳಿಸದೆ ಪ್ರತಿ ಬಾಡಿಗೆದಾರರಿಂದಲೂ ಇದನ್ನು ಹಿಡಿಯುವ ಮನೆಗಳ ವಿಷಯ ಬೇರೆ.

ಗೋಡೆಯ ₹9,000 ಮಾತ್ರ ನಿಲ್ಲುವಂಥದ್ದಾಗಿರಲಿಲ್ಲ. ಒಳಗೆ ಬಟ್ಟೆ ಒಣಗಿಸಿದ್ದರಿಂದ ಗೋಡೆ ಹಾಳಾಯಿತೆಂದು ಮಾಲೀಕರ ವಾದ. ಹಾವೇರಿಯವನು ಫೋನು ತೆಗೆದು ಹಿಂದಿನ ಜುಲೈನ ಫೋಟೊ ಮತ್ತು ಅವರದೇ ಉತ್ತರವನ್ನು ಮುಂದಿಟ್ಟ. ಮಾಳಿಗೆಯಿಂದ ಗೋಡೆಗಿಳಿದ ನೀರಿನ ಗೆರೆ ಅದರಲ್ಲಿ ಸ್ಪಷ್ಟವಾಗಿತ್ತು. ಇಂಥ ವಿದ್ಯುನ್ಮಾನ ದಾಖಲೆಯನ್ನು ಸೂಕ್ತ ಪ್ರಮಾಣಪತ್ರದೊಂದಿಗೆ ನ್ಯಾಯಾಲಯದಲ್ಲೂ ಹಾಜರುಪಡಿಸಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ಅದಕ್ಕೆ ಸಂಬಂಧಿಸಿದ್ದು. ಇದನ್ನು ವಿವರಿಸುವ ಅಗತ್ಯ ಬೀಳಲಿಲ್ಲ. ಮಾಲೀಕರ ಪತ್ನಿ ಫೋಟೊ ನೋಡಿ, ಮಾಳಿಗೆ ಸೋರುವುದು ಹೊಸದೇನಲ್ಲ ಎಂದುಬಿಟ್ಟರು. ಬಣ್ಣದ ಹಣ ಪ್ರತ್ಯೇಕ ಹಿಡಿದ ಮೇಲೆ ಅದೇ ಗೋಡೆಗೆ ಮತ್ತೆ ಹಣ ಹಿಡಿಯುವುದು ಎರಡು ಸಲ ವಸೂಲಿ ಮಾಡಿದಂತೆ ಎಂಬುದನ್ನೂ ಮಾಲೀಕರು ಒಪ್ಪಿದರು. ಆ ಬಾಬತ್ತು ಪೂರ್ತಿ ಬಿದ್ದುಹೋಯಿತು.

ವಿದ್ಯುತ್ ಬಾಕಿಯೂ ಹೋಯಿತು. ತಮ್ಮ ಮೀಟರಿನಿಂದ ಎರಡು ಮನೆಗೂ ನೀರೆತ್ತಿಸಿ, ಮೇಲೆ ಪ್ರತಿ ತಿಂಗಳೂ ₹750 ಕೊಟ್ಟವರಿಂದ ಇನ್ನೂ ₹1,800 ಕೇಳುವುದು ಹೇಗೆಂದು ಕೊಪ್ಪಳದವನು ಕೇಳಿದ. ಲೆಕ್ಕ ಹಿಡಿದು ಕೂತರೆ ಮಾಲೀಕರೇ ಮರಳಿ ಕೊಡಬೇಕಾಗಿ ಬರುತ್ತಿತ್ತು, ಆದರೆ ಟ್ಯಾಂಕರ್ ನೀರು ತರಿಸಿದ ಬೇಸಿಗೆಗಳ ಖರ್ಚನ್ನು ಅವರು ಹೊತ್ತಿದ್ದರು. ಎರಡನ್ನೂ ಒಂದಕ್ಕೊಂದು ವಜಾ ಮಾಡಿ ಬಿಟ್ಟರು.

ಮುನ್ಸೂಚನೆಯ ₹13,000 ಹೆಚ್ಚು ಹೊತ್ತು ಹಿಡಿಯಿತು. ಸ್ವತ್ತು ವರ್ಗಾವಣೆ ಕಾಯ್ದೆಯ 106ನೆಯ ಕಲಮಿನಂತೆ ತಿಂಗಳ ಬಾಡಿಗೆಗೆ ಹದಿನೈದು ದಿನದ ನೋಟಿಸು ಸಾಕು, ಹುಡುಗರು ಹದಿನೆಂಟು ದಿನ ಕೊಟ್ಟಿದ್ದರು. ಆದರೆ ಆ ಕಲಮೂ ಬೇರೆ ಕರಾರಿಲ್ಲದಾಗ ಅನ್ವಯಿಸುವಂಥದ್ದು. ಹಳೆಯ ಪತ್ರದ ಒಂದು ತಿಂಗಳ ಷರತ್ತು ಮುಂದುವರಿದ ಬಾಡಿಗೆಗೂ ಉಳಿಯುತ್ತದೆಂದು ಮಾಲೀಕರ ಪರವಾಗಿ ವಾದಿಸಲು ಅವಕಾಶವಿತ್ತು, ಆ ವಾದ ದುರ್ಬಲವೂ ಅಲ್ಲ. ಹಾಗಾಗಿ ಷರತ್ತು ಉಳಿದಿದೆಯೆಂದೇ ಹಿಡಿದು ಲೆಕ್ಕ ಮಾಡೋಣವೆಂದೆ. ಮೂವತ್ತು ದಿನ ಕೊಡಬೇಕಾಗಿದ್ದಲ್ಲಿ ಹದಿನೆಂಟು ಕೊಟ್ಟರೆ ಕೊರತೆ ಹನ್ನೆರಡು ದಿನ. ಕರಾರು ಮುರಿದದ್ದಕ್ಕೆ ಸಿಗಬೇಕಾದ್ದು ಸಮಂಜಸ ಪರಿಹಾರವೇ ಹೊರತು ದಂಡವಲ್ಲವೆಂಬುದು ಕರಾರು ಕಾಯ್ದೆಯ 74ನೆಯ ಕಲಮಿನ ಆಶಯ. ಹನ್ನೆರಡು ದಿನದ ಬಾಡಿಗೆ ₹5,200. ಜೂನ್‌ನಲ್ಲಿ ಮನೆ ಖಾಲಿಯೇ ಇದ್ದುದರಿಂದ ಹುಡುಗರು ಅದನ್ನು ಒಪ್ಪಿದರು. ಬೇಸಿನ್ ಒಡೆದದ್ದು ತಾನೇ ಎಂದು ಹಾವೇರಿಯವನು ಮೊದಲೇ ಹೇಳಿದ್ದರಿಂದ ಅದರಲ್ಲಿ ಚರ್ಚೆ ಇರಲಿಲ್ಲ.

ಹೀಗೆ ಕಡಿತ ₹39,000ದಿಂದ ₹20,400ಕ್ಕೆ ಇಳಿಯಿತು. ಮರಳಬೇಕಾದ ಮೊತ್ತ ₹54,600; ₹36,000 ಬಂದಾಗಿತ್ತು, ಉಳಿದ ₹18,600ನ್ನು ಮಾಲೀಕರು ಎರಡು ಕಂತಿನಲ್ಲಿ ಕೊಟ್ಟರು.

ಐವರ ನಡುವಿನ ಲೆಕ್ಕ

ಮಾಲೀಕರ ಜೊತೆಗಿನ ಮಾತು ಒಂದೇ ಸಂಜೆಯಲ್ಲಿ ಮುಗಿಯಿತು. ಗೆಳೆಯರ ನಡುವಿನದು ಅದಕ್ಕಿಂತ ಕಠಿಣವಾಯಿತು. ₹36,000 ಬಂದಾಗಲೇ ವಿಜಯಪುರದವನು ಸಮನಾಗಿ ₹7,200ರಂತೆ ಹಂಚಲು ಹೊರಟಿದ್ದ. ಬೆಳಗಾವಿಯವನು ತಾನು ಬಂದದ್ದು ತಡವಾಗಿ, ಎರಡು ವರ್ಷದ ಬಣ್ಣದ ಖರ್ಚು ತನಗೇಕೆ ಎಂದ. ಗದಗದವನ ತಂದೆ ಫೋನಿನಲ್ಲಿ, ತಮ್ಮ ಮಗ ರಜೆಯಲ್ಲೆಲ್ಲ ಊರಲ್ಲಿದ್ದನೆಂದರು. ಬೇಸಿನ್ನಿನ ಹಣವನ್ನು ಎಲ್ಲರೂ ಏಕೆ ಕೊಡಬೇಕೆಂಬ ಪ್ರಶ್ನೆಯೂ ಬಂತು. ಎರಡು ವರ್ಷ ಒಂದೇ ಪಾತ್ರೆಯಲ್ಲಿ ಉಂಡವರು ಹೀಗೆ ಮಾತಾಡಬೇಕಾಗಿ ಬಂದದ್ದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು. ಅವರಲ್ಲಿ ಯಾರೂ ದುರಾಸೆಯವರಾಗಿರಲಿಲ್ಲ. ಒಬ್ಬೊಬ್ಬರ ಮನೆಯಲ್ಲೂ ಆ ಹಣಕ್ಕೆ ಕಾದಿರುವ ಖರ್ಚಿತ್ತು.

ಖರ್ಚನ್ನು ಅದರ ಸ್ವರೂಪದಂತೆ ಹಂಚುವುದು ಸರಿಯೆಂದು ಒಪ್ಪಿಗೆಯಾಯಿತು. ಬಣ್ಣ ಕಾಲಕ್ಕೆ ತಕ್ಕಂತೆ ಸವೆಯುವ ವಸ್ತು. ಆದ್ದರಿಂದ ಅದನ್ನು ವಾಸದ ತಿಂಗಳುಗಳ ಮೇಲೆ ಹಂಚಿದರು. ಇಪ್ಪತ್ತನಾಲ್ಕು ತಿಂಗಳು, ಐದು ಜಾಗ. ಒಂದು ಜಾಗಕ್ಕೆ ₹2,600. ರಜೆಯಲ್ಲಿ ಊರಿಗೆ ಹೋದವನೂ ಜಾಗ ಹಿಡಿದಿಟ್ಟುಕೊಂಡವನೇ ಎಂಬುದನ್ನು ಗದಗದವನ ತಂದೆ ಒಪ್ಪಿದರು. ಮುನ್ಸೂಚನೆಯ ₹5,200 ಮನೆ ಬಿಡುವ ನಿರ್ಧಾರ ಮಾಡಿದ ಐವರಿಗೂ ಸಮ, ತಲೆಗೆ ₹1,040. ಬೇಸಿನ್ ಹಾವೇರಿಯವನದು. ಐದನೆಯ ಜಾಗದ ಬಣ್ಣದ ಪಾಲಿನಲ್ಲಿ ಮೊದಲ ಒಂಬತ್ತು ತಿಂಗಳಿಗೆ ಸೇರಿದ ₹975 ನ್ಯಾಯವಾಗಿ ಬಾಗಲಕೋಟೆಯವನದು. ಅವನು ಪೂರ್ತಿ ₹15,000 ಪಡೆದು ಹೋಗಿದ್ದ. ಅವನನ್ನು ಕೇಳಲು ಬೆಳಗಾವಿಯವನ ಬಳಿ ಯಾವ ಒಪ್ಪಂದವೂ ಇರಲಿಲ್ಲ. ಅದನ್ನು ಬೆಳಗಾವಿಯವನೇ ಹೊತ್ತ. ಕೊನೆಗೆ ನಾಲ್ವರಿಗೆ ₹11,360ರಂತೆ, ಹಾವೇರಿಯವನಿಗೆ ₹9,160 ಸಂದಿತು.

ಮುಂದಿನ ಮನೆ

ವಿಜಯಪುರದವನು, ಕೊಪ್ಪಳದವನು ಮತ್ತು ಗದಗದವನು ಕಲ್ಯಾಣನಗರದಲ್ಲಿ ಮತ್ತೊಂದು ಮನೆ ನೋಡಿದರು. ಹಳೆಯ ಮೀಟರಿನಿಂದ ತನ್ನ ಆಧಾರನ್ನು ಬಿಡಿಸಿಕೊಳ್ಳದಿದ್ದರೆ ಹೊಸ ಮನೆಯಲ್ಲಿ ಗೃಹಜ್ಯೋತಿ ಸಿಗುವುದಿಲ್ಲವಾದ್ದರಿಂದ ವಿಜಯಪುರದವನು ಮೊದಲು ಆ ಕೆಲಸ ಮುಗಿಸಿದ. ಹಾಗೆ ಬಿಡಿಸಿಕೊಳ್ಳುವ ಸೌಲಭ್ಯ 2024ರಿಂದ ಇದೆ. ಮೂವರ ಹೆಸರೂ ಕರಾರಿನಲ್ಲಿ ಬರಬೇಕೆಂದು ಕೇಳಿದಾಗ ಹೊಸ ಮಾಲೀಕರು ಹಿಂದೆಗೆದರು. ಹೆಸರು ಹೆಚ್ಚಿದಷ್ಟೂ ಮನೆ ಬಿಡಿಸುವುದು ಕಷ್ಟವೆಂಬ ಭಯ ಅವರದು. ಮೂವರೂ ಸೇರಿ ಮತ್ತು ಪ್ರತ್ಯೇಕವಾಗಿ ಪೂರ್ತಿ ಬಾಡಿಗೆಗೆ ಹೊಣೆಯೆಂದು ಬರೆದರೆ ನಿಮ್ಮ ಹಣಕ್ಕೆ ಭದ್ರತೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲವೆಂದು ವಿವರಿಸಿದ ಮೇಲೆ ಒಪ್ಪಿದರು. ಠೇವಣಿಯನ್ನು ಮೂವರೂ ತಮ್ಮ ತಮ್ಮ ಖಾತೆಯಿಂದ ಬೇರೆ ಬೇರೆಯಾಗಿ ಕಳಿಸಿದರು, ಯಾರು ಎಷ್ಟೆಂಬುದು ಪತ್ರದಲ್ಲಿಯೇ ನಮೂದಾಯಿತು. ಮಾಳಿಗೆ, ನೀರಿನ ಕೊಳವೆ, ತಂತಿಗಳ ದುರಸ್ತಿ ಮಾಲೀಕರದೆಂದೂ, ಬರೆದು ತಿಳಿಸಿದ ಮೂವತ್ತು ದಿನದಲ್ಲಿ ಆಗದಿದ್ದರೆ ಮಾಡಿಸಿ ಬಾಡಿಗೆಯಲ್ಲಿ ಹಿಡಿಯಬಹುದೆಂದೂ ಒಂದು ಷರತ್ತು ಸೇರಿತು. ಪ್ರವೇಶದ ದಿನ ಪ್ರತಿ ಖೋಲಿಯ ಫೋಟೊ ತೆಗೆದು ಮಾಲೀಕರಿಗೆ ಕಳಿಸಿದರು.

ಇದರ ಹೊರತಾಗಿ ಮೂವರೂ ತಮ್ಮೊಳಗೆ ಒಂದು ಪುಟದ ಪತ್ರ ಬರೆದುಕೊಂಡರು. ನಡುವೆ ಬಿಟ್ಟುಹೋಗುವವನು ಎಷ್ಟು ಮುಂಚೆ ಹೇಳಬೇಕು, ಅವನ ಠೇವಣಿಯಲ್ಲಿ ಬಣ್ಣದ ಪಾಲನ್ನು ತಿಂಗಳ ಲೆಕ್ಕದಲ್ಲಿ ಆಗಲೇ ಹಿಡಿದಿಡಬೇಕು, ಅವನ ಜಾಗಕ್ಕೆ ಬರುವವನಿಗೆ ಈ ಪತ್ರವನ್ನೂ ಕರಾರನ್ನೂ ಓದಲು ಕೊಟ್ಟು ಸಹಿ ಪಡೆಯಬೇಕು, ಒಬ್ಬನಿಗೆ ವಿದ್ಯಾರ್ಥಿವೇತನ ತಡವಾದರೆ ಉಳಿದವರು ಎರಡು ತಿಂಗಳವರೆಗೆ ತುಂಬಬೇಕು ಮತ್ತು ಅದನ್ನು ಪುಸ್ತಕದಲ್ಲಿ ಬರೆದಿಡಬೇಕು ಎಂಬುವು ಅದರಲ್ಲಿನ ಮುಖ್ಯ ಮಾತುಗಳು. ಠೇವಣಿಯನ್ನು ಮಾತ್ರ ಕಡಿಮೆ ಮಾಡಿಸಲು ಅವರಿಂದ ಆಗಲಿಲ್ಲ. ಹೊಸ ಮಾಲೀಕರೂ ಆರು ತಿಂಗಳ ಬಾಡಿಗೆಯನ್ನೇ ಕೇಳಿದರು, ಓಣಿಯಲ್ಲಿ ಎಲ್ಲರೂ ಅಷ್ಟೇ ಪಡೆಯುತ್ತಾರೆಂದರು, ಮತ್ತು ಆ ಮಾತು ನಿಜವಾಗಿತ್ತು.